ಪವಮಾನ ಮಾಸ್ತರರ ಮಡಿ ಮೊಬೈಲು

ಈಗ ಹೇಳಹೊರಟಿರುವುದು ನಡೆದ ಸಂಗತಿ. ಇದರಲ್ಲಿರುವ ಉಪ್ಪುಖಾರ ಹೇಳುವವನು ಹಾಕಿದ್ದಲ್ಲ. ಸುದ್ದಿ ಸೇಡಮಿನಿಂದ ಚಿತ್ತಾಪುರ ದಾಟಿ ವಾಡಿಗೆ ಹೋಗುವಷ್ಟರಲ್ಲಿ ದಾರಿಯ ಊರಿನವರೆಲ್ಲ ತಲಾ ಒಂದು ಚಿಟಿಕೆ ಹಾಕಿದ್ದಾರೆ. ಅದನ್ನೆಲ್ಲ ತೊಳೆದು ಜಾಲಾಡಿ ತೆಗೆದ ಮೇಲೆ ಉಳಿದ ಅಪ್ಪಟ ಸತ್ಯ ಮುಂದಿದೆ. ನಂಬದವರು ಸೇಡಮಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನಾದರೂ ಕೇಳಬಹುದು. ಅವರು ಇನ್ನೂ ಒಂದು ಚಿಟಿಕೆ ಸೇರಿಸಿ ಹೇಳುತ್ತಾರೆ.

ಎರಡು ಸಾವಿರದ ಎಂಟನೆಯ ಇಸವಿ. ಸೇಡಮಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ಪವಮಾನಾಚಾರ್ಯರು ಆ ವರ್ಷ ಕಂಪ್ಯೂಟರ್ ಪಂಡಿತರಾದರು. ಶಾಲೆಗೆ ಎರಡು ಕಂಪ್ಯೂಟರು ಬಂದಿದ್ದವು. ಅವುಗಳನ್ನಿಟ್ಟ ಕೋಣೆಗೆ ಒಂದು ಕೀಲಿ ಬಂದಿತ್ತು. ಇಡೀ ಶಾಲೆಯಲ್ಲಿ ಕೀಲಿಕೈ ಕಳೆಯದ ಮನುಷ್ಯ ಇವರೊಬ್ಬರೇ, ಯಾಕೆಂದರೆ ಇವರು ಅದನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಹಾಗಾಗಿ ಕೀಲಿ ಇವರ ಪಾಲಿಗೆ ಬಂತು. ಕೀಲಿ ಇದ್ದವರು ಕೋಣೆಯ ಯಜಮಾನರು, ಕೋಣೆಯ ಯಜಮಾನರು ಕಂಪ್ಯೂಟರಿನ ಯಜಮಾನರು. ಮೂರು ತಿಂಗಳಲ್ಲಿ ಊರವರು ಟಿ.ವಿ. ಕೆಟ್ಟರೂ ಮಾಸ್ತರರನ್ನೇ ಕೇಳಲು ಶುರುಮಾಡಿದರು. ಮಾಸ್ತರರೂ ಬೇಡವೆನ್ನಲಿಲ್ಲ.

ಅದೇ ಹುರುಪಿನಲ್ಲಿ ಅವರು ಗುಲ್ಬರ್ಗಕ್ಕೆ ಹೋಗಿ ಚೀನಾ ಸೆಟ್ ಮೊಬೈಲೊಂದನ್ನು ತಂದರು. ಎರಡು ಸಿಮ್ಮು, ನಾಲ್ಕು ಸ್ಪೀಕರು, ನೆತ್ತಿಯ ಮೇಲೊಂದು ಬ್ಯಾಟರಿ ದೀಪ. ಅದು ರಿಂಗಾದರೆ ಓಣಿಯ ನಾಯಿಗಳು ಜಾಗ ಬದಲಿಸುತ್ತಿದ್ದವು. ಇಂಥ ಗಂಟಲಿಗೆ ಹಾಡಿಲ್ಲದಿದ್ದರೆ ಹೇಗೆಂದು ಮಾಸ್ತರರು ಒಂದು ಶನಿವಾರ ಅದನ್ನು ಶಾಲೆಯ ಕಂಪ್ಯೂಟರಿಗೆ ಜೋಡಿಸಿದರು. ಹಿಂದೆ ರಿಪೇರಿಗೆ ಬಂದಿದ್ದವನೊಬ್ಬ ಕಂಪ್ಯೂಟರಿನ ಹೊಟ್ಟೆಯೊಳಗೆ ಎಲ್ಲಿಯೋ ನೂರಾಎಂಟು ಮಂಗಳವಾದ್ಯಗಳನ್ನು ತುಂಬಿ, ಅವುಗಳ ಹೆಸರನ್ನು ಮಾತ್ರ ಪರದೆಯ ಮೇಲೆ ಸಾಲಾಗಿ ಇಟ್ಟುಹೋಗಿದ್ದ. ಹೆಸರನ್ನು ಒತ್ತಿದರೆ ಒಳಗಿನ ಹಾಡು ಕೇಳುತ್ತಿತ್ತು. ಒಂದೊಂದು ಹೆಸರಿನ ಮೂಲೆಯಲ್ಲೂ ಸಣ್ಣದೊಂದು ಬಾಣದ ಗುರುತಿತ್ತು. ಹಾಡು ಇಲ್ಲಿಲ್ಲ, ಒಳಗಿದೆ, ಇದು ಬರೀ ದಾರಿ ಎಂದು ಆ ಬಾಣದ ಅರ್ಥ. ಮಾಸ್ತರರು ಅದನ್ನು ಅಲಂಕಾರವೆಂದು ತಿಳಿದರು. ನೂರಾಎಂಟನ್ನೂ ಬಳಿದು ಮೊಬೈಲಿಗೆ ಎಳೆದರು. ಎರಡು ಸೆಕೆಂಡಿನಲ್ಲಿ ನೂರಾಎಂಟೂ ಹೋಗಿ ಕೂತವು.

ಇಷ್ಟು ಬೇಗ ಆಗುವ ಕೆಲಸವನ್ನು ಜಗತ್ತು ಯಾಕೆ ಇಷ್ಟು ದೊಡ್ಡದು ಮಾಡುತ್ತದೆಂದು ಬೆರಗಾಗುತ್ತ ಅವರು ಅಲ್ಲಿಂದಲೇ ಚಿತ್ತಾಪುರದ ಅಕ್ಕ ಶಾರದಾಬಾಯಿಗೆ ಫೋನು ಹಚ್ಚಿದರು. ಒಂದು ವಾರ ಬಿಟ್ಟು ಬರುವ ಸೋಮವಾರ ಅಕ್ಕನ ಮೊಮ್ಮಗ ಗೋಪಾಲನ ಮುಂಜಿ ಇತ್ತು.

"ಅಕ್ಕಾ, ಮುಂಜಿವಿಗಿ ವಾಜಂತ್ರಿಯವರಿಗಿ ಹೇಳೀಯೇನು?"

"ಹೇಳೀನಪಾ. ಶಹಾಬಾದದ ಅಂಬರಾಯನ ಮೇಳ. ಯಾಕ?"

"ಬ್ಯಾಡಂತ ಹೇಳಿ ಕಳಸು. ನನ್ನ ಮೊಬೈಲ್ದಾಗ ನೂರಾಎಂಟು ವಾದ್ಯ ಅವ."

"ನೂರಾಎಂಟು ಮಂದಿನೇನು? ಎಲಿ ಎಷ್ಟಂತ ಹಾಕ್ಸಲಿ?"

"ಮಂದಿ ಅಲ್ಲಕ್ಕ, ಬರೇ ವಾದ್ಯ. ಉಣ್ಣಂಗಿಲ್ಲ, ದಣಿಯಂಗಿಲ್ಲ, ನಡುವ ಬೀಡಿ ಸೇದಲಿಕ್ಕ ಎದ್ದು ಹೋಗಂಗಿಲ್ಲ."

ಅಕ್ಕ ಹೇಳಿದರು: "ನೋಡಪಾ ಪವಮಾನ, ನಿಮ್ಮ ಭಾವನೋರು ಹೋದ ಮ್ಯಾಲ ಈ ಮನ್ಯಾಗ ಇದೇ ಮೊದಲನೇ ಶುಭಕಾರ್ಯ. ಬ್ರಹ್ಮೋಪದೇಶದ ಗಳಿಗ್ಯಾಗ ವಾದ್ಯ ನಿಲ್ಲಬಾರದು. ಆ ಹೊತ್ತಿನಾಗ ಯಾರರ ಸೀನಿದ್ದು, ಕೆಮ್ಮಿದ್ದು, ಕೆಟ್ಟ ಮಾತಾಡಿದ್ದು ಹುಡುಗನ ಕಿವಿಗಿ ಬೀಳಬಾರದು. ಉಳಿದಿದ್ದು ಏನರ ಹೆಚ್ಚುಕಡಿಮಿ ಆಗ್ಲಿ, ಅದೊಂದು ನಿನ್ನ ಮ್ಯಾಲ ಹಾಕೀನಿ."

"ಬಿಡು ಫಿಕೀರ್" ಎಂದರು ಮಾಸ್ತರರು. ಅಂಬರಾಯ ಅದೇ ಸಂಜೆ ಚಿಂಚೋಳಿ ಕಡೆ ಚಂದಾಪುರದ ಒಂದು ಮದುವೆಗೆ ವೀಳ್ಯ ಹಿಡಿದ.

ಆ ವಾರವಿಡೀ ಮಾಸ್ತರರು ಮೊಬೈಲನ್ನು ದೇವರ ಕೋಣೆಯ ಗೂಡಿನಲ್ಲಿ ಇಟ್ಟಿದ್ದರು. ಹೆಂಡತಿ ಧನಶ್ರೀ ಎರಡು ಸಲ ಕೇಳಿದಳು.

"ಏನ್ರಿ, ಒಂದರ ಹಚ್ಚಿ ನೋಡೀರೇನು?"

"ನೈವೇದ್ಯಕ್ಕಿಡೋ ಪಾಯಸ ಮೊದಲ ನೀ ರುಚಿ ನೋಡ್ತೀಯೇನ?"

"ನೋಡಂಗಿಲ್ಲ. ಆದ್ರ ಹಾಕಿದ್ದು ಸಕ್ರಿನೋ ಉಪ್ಪೋ ಅಂತ ಡಬ್ಬಿ ಮ್ಯಾಲಿನ ಹೆಸರರ ಓದ್ತೀನಿ."

"ಹೆಸರು ನಾನೂ ಓದೀನಿ. ನೂರಾಎಂಟು ಬರೋಬರಿ ಅವ."

ಮುಂಜಿಯ ಹಿಂದಿನ ದಿನ, ಭಾನುವಾರ, ಸಂಜೆ ಐದೂ ಇಪ್ಪತ್ತರ ಪ್ಯಾಸೆಂಜರಿಗೆ ಮಾಸ್ತರರು ಹೊರಡುವುದೆಂದು ಆಗಿತ್ತು. ಧನಶ್ರೀ ಮಕ್ಕಳೊಂದಿಗೆ ಬೆಳಗಿನ ಗಾಡಿಗೇ ಚಿತ್ತಾಪುರಕ್ಕೆ ಹೋಗುವವಳು, ಗಂಡ ಸ್ನಾನಕ್ಕೆ ಹೋದ ಹೊತ್ತು ನೋಡಿ ಮೊದಲನೆಯ ಹೆಸರನ್ನು ಒತ್ತಿದಳು. ಸದ್ದಿಲ್ಲ. ಎರಡನೆಯದು, ಸದ್ದಿಲ್ಲ. ಇಪ್ಪತ್ತೇಳನೆಯದರ ತನಕ ಒತ್ತಿ, ಬಚ್ಚಲ ಬಾಗಿಲಿಗೆ ಬಂದು ಹೇಳಿದಳು: "ಹೆಸರು ಬಂದಾವ್ರಿ, ಹಾಡು ಬಂದಿಲ್ಲ. ನನ್ನ ಗಾಡಿ ಹೊತ್ತಾತು, ನಾ ಹೊಂಟೆ."

ಮಾಸ್ತರರು ಮೈಮೇಲೆ ಸುರಿದುಕೊಂಡ ತಂಬಿಗೆಯ ನೀರು ಕಾಲಿಗೆ ಇಳಿಯುವ ಮೊದಲೇ ಹೊರಗೆ ಬಂದರು. ಶಾಲೆಗೆ ಓಡಿದರು. ಮತ್ತೆ ಜೋಡಿಸಿದರು, ಮತ್ತೆ ಎಳೆದರು, ಮತ್ತೆ ಎರಡು ಸೆಕೆಂಡು. ಹೀಗೆ ಮಧ್ಯಾಹ್ನದ ತನಕ ಹದಿನಾಲ್ಕು ಸಲ ಎಳೆದ ಮೇಲೆ ಅವರ ಮೊಬೈಲಿನಲ್ಲಿ ಸಾವಿರದ ಆರುನೂರಾ ಇಪ್ಪತ್ತು ಹೆಸರು ಸೇರಿದ್ದವು, ಹಾಡು ಒಂದೂ ಇರಲಿಲ್ಲ. ಪಂಚಾಂಗದಲ್ಲಿ ಮುಹೂರ್ತ ಬೆಳಿಗ್ಗೆ ಒಂಬತ್ತು ನಲವತ್ತೆರಡಕ್ಕೆ. ಅಂಬರಾಯನಿಗೆ ಫೋನು ಮಾಡಿದರೆ ಹಿಂದಿನಿಂದ ಆಗಲೇ ಸನಾದಿಯ ದನಿ ಕೇಳಿಸುತ್ತಿತ್ತು. "ಚಂದಾಪುರದಾಗ ದೇವಕಾರ್ಯ ಶುರು ಆಗ್ಯದ್ರಿ ಆಚಾರ್ರ. ನಿಮ್ಮ ಅಕ್ಕನೋರು ಬ್ಯಾಡಂದ್ರಲ್ರಿ" ಎಂದು ಅವನು ಇಟ್ಟುಬಿಟ್ಟ.

ಎರಡೂವರೆಗೆ ಮಾಸ್ತರರು ಬಸ್ ಸ್ಟ್ಯಾಂಡಿನ ಎದುರಿಗಿದ್ದ ದೇವಾನಂದನ ಅಂಗಡಿಯ ಮುಂದೆ ನಿಂತಿದ್ದರು. 'ಕರೆನ್ಸಿ, ಕವರು, ಹಾಡು ತುಂಬಿಕೊಡಲಾಗುವುದು' ಎಂದು ಬೋರ್ಡಿನಲ್ಲಿ ಬರೆದಿತ್ತು. ದೇವಾನಂದ ಮಾಸ್ತರರ ಹಳೆಯ ಶಿಷ್ಯ. ಒಂಬತ್ತನೆಯ ಇಯತ್ತೆಯ ಅರ್ಧ ವರ್ಷವನ್ನು ಅವನು ಬೆಂಚಿನ ಮೇಲೆ ನಿಂತೇ ಕಳೆದಿದ್ದ. ಮಾಸ್ತರರು ಕೆಮ್ಮುವುದು, ಬೈಯುವುದು, ಸೀಮೆಸುಣ್ಣ ಮುರಿಯುವುದು, ಎಲ್ಲವನ್ನೂ ಅವರು ಕೋಣೆಗೆ ಬರುವ ಮೊದಲೇ ಅವರ ದನಿಯಲ್ಲೇ ಮಾಡಿ ಮುಗಿಸಿರುತ್ತಿದ್ದ ಎಂಬುದೇ ಅಪರಾಧ.

"ಮಂಗಳವಾದ್ಯ ಬೇಕಲೇ, ದೇವಾನಂದ. ಜಲ್ದಿ."

"ಕುಂದ್ರಿ ಸರ್. ಲಗ್ನದ ಸನಾದಿ ಅದ, ಅರ್ಧ ತಾಸಿಂದು. ಎರಡು ನಿಮಿಷದ ಕೆಲಸ" ಎಂದು ಅವನು, ಕೋಡ್ಲಾದ ಸಂಗಣ್ಣನೆಂಬ ರೈತನ ಮೊಬೈಲಿಗೆ ಚುಚ್ಚಿದ್ದ ವೈರನ್ನು ಕಿತ್ತು ಮಾಸ್ತರರತ್ತ ಚಾಚಿದ.

ಮಾಸ್ತರರು ಕೈ ಹಿಂದಕ್ಕೆ ಎಳೆದುಕೊಂಡರು. "ತಡಿ. ಆ ವೈರಿನಾಗಿಂದ ಈಗ ಯಾವ ಹಾಡು ಹೋತು?"

"ಸಂಗಣ್ಣನೋರ್ದು ಸರ್. ಸಿನಿಮಾದ್ದು. ಜರಾ ಕುಣಿಯೋದು."

"ಅದಕ್ಕಿಂತ ಮೊದಲ?"

"ಅದಕ್ಕಿಂತ ಜಾಸ್ತಿ ಕುಣಿಯೋದು."

"ಮತ್ತ ಅದೇ ವೈರಿನಾಗ ಬ್ರಹ್ಮೋಪದೇಶದ ವಾದ್ಯ ಹಾಯಿಸ್ತೀಯೇನೋ? ಮುಸುರಿ ಪಾತ್ರ್ಯಾಗ ಹಾಲು ಕಾಸಿದಂಗ ಆಗಂಗಿಲ್ಲೇನು?"

ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರು. ದೇವಾನಂದ ನಗಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದ ಗುರುಗಳೇ ಇಂಥ ಅವಕಾಶವನ್ನು ತಟ್ಟೆಯಲ್ಲಿಟ್ಟು ತಂದಿರುವಾಗ ನಗುವುದು ಅವಿವೇಕ. ಮುಖವನ್ನು ಡಾಕ್ಟರರಂತೆ ಗಂಭೀರ ಮಾಡಿಕೊಂಡು ಅಂದ: "ಖರೇ ಅದ ಸರ್. ಭಾಳ ಮಂದಿಗಿ ಇದು ತಿಳ್ಯಂಗಿಲ್ಲ. ನಿಮಗ ಬೇಕಾಗಿದ್ದು ಮಡಿ ಟ್ರಾನ್ಸ್‌ಫರು."

"ಹಂಗೊಂದು ಅದಯೇನು?"

"ಅದ ಸರ್. ತ್ರಾಸಿನ ಕೆಲಸಂತ ಯಾರೂ ಮಾಡ್ಸಂಗಿಲ್ಲ. ಹೊಸ ವೈರು ಒಡೀಬೇಕು. ಮಾಡ್ಸಿಕೊಳ್ಳೋರು ಮೈ ತೊಳಕೊಂಡು, ಒದ್ದಿ ಪಂಚಿ ಉಟ್ಟು, ಮಣಿ ಮ್ಯಾಲ ಪೂರ್ವಕ್ಕ ಮಾರಿ ಮಾಡಿ ನಿಂದರಬೇಕು. ವೈರು ಎರಡೂ ಕೈಲೆ ಎತ್ತಿ ನೆಟ್ಟಗ ಹಿಡೀಬೇಕು, ಎಲ್ಲಿಯೂ ಬಾಗಬಾರದು. ಬಾಗಿದಲ್ಲಿ ಹಾಡು ಸಿಗಬೀಳ್ತಾವ. ಮತ್ತ ತುಟಿ ಪಿಟಕ್ ಅನ್ನಬಾರದು. ಮಾತಾಡಿದ್ರ ಮಾತೂ ವೈರಿನಾಗ ಹೋಗಿ ಸನಾದಿ ಜೋಡಿ ಕೂಡ್ತದ."

ತರ್ಕದಲ್ಲಿ ದೋಷ ಕಾಣಲಿಲ್ಲ. ಅಡಿಗೆಮನೆಗೆ ಒಪ್ಪುವ ನಿಯಮ ಕಂಪ್ಯೂಟರಿಗೆ ಯಾಕೆ ಒಪ್ಪಬಾರದು? ಮಾಸ್ತರರು ಮನೆಗೆ ಓಡಿ, ಮಿಂದು, ನೀರು ಸೋರುವ ಪಂಚೆಯಲ್ಲಿ, ಕಂಕುಳಲ್ಲಿ ಮಣೆ, ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಬಜಾರದ ನಡುವೆ ಹಾದು ಬಂದರು. "ಯಾರ ಮನ್ಯಾಗ ಊಟ್ರಿ ಆಚಾರ್ರ?" ಎಂದು ಮೂವರು ಕೇಳಿದರು. ಮಾತಾಡಬಾರದೆಂಬ ನಿಯಮ ಈಗಲೇ ಶುರುವೋ ಆಮೇಲೋ ತಿಳಿಯದೆ ಅವರು ಯಾರಿಗೂ ಉತ್ತರ ಕೊಡಲಿಲ್ಲ. ದೊಡ್ಡ ಮಂದಿಯ ಮನೆ ಊಟವಿರಬೇಕೆಂದು ಮೂವರೂ ಹಿಂದೆ ಬಂದರು.

ಅಂಗಡಿಗೆ ಬಂದವರೇ ತಂಬಿಗೆಯ ನೀರನ್ನು ಕಂಪ್ಯೂಟರಿಗೆ ಪ್ರೋಕ್ಷಣೆ ಮಾಡಲು ಹೋದರು. ದೇವಾನಂದ ಕೌಂಟರು ಹಾರಿ ಬಂದು ತಂಬಿಗೆಯನ್ನು ಕಸಿದುಕೊಂಡ. "ಅದಕ್ಕ ಬ್ಯಾಡ್ರಿ ಸರ್, ಅದು ಮೊದಲೇ ಥಂಡಿ ಹತ್ತಿದ ಮಶೀನು. ನೀವು ಒದ್ದಿ ಇದ್ರ ಸಾಕು."

ಮಾಸ್ತರರು ಮಣೆಯ ಮೇಲೆ ನಿಂತರು. ವೈರನ್ನು ಎರಡೂ ಕೈಯಿಂದ ಎತ್ತಿ ಹಿಡಿದರು. ಒಂದು ಹಾಡನ್ನಷ್ಟೇ ಹಾಕಿದ್ದರೆ ದೇವಾನಂದ ಹೇಳಿದಂತೆ ಎರಡೇ ನಿಮಿಷ. ಆದರೆ ಅಷ್ಟು ಕಡಿಮೆ ಹೊತ್ತು ಮಾಸ್ತರರನ್ನು ನಿಲ್ಲಿಸಿದರೆ ಒಂಬತ್ತನೆಯ ಇಯತ್ತೆಗೆ ಅವಮಾನ ಮಾಡಿದಂತೆ. ಅವನು ಕಂಪ್ಯೂಟರಿನಲ್ಲಿದ್ದ ಮದುವೆ, ಮುಂಜಿ, ಮನೆಯೊಕ್ಕಲಿನ ವಾದ್ಯವನ್ನೆಲ್ಲ ಒಂದೇ ಗಂಟು ಕಟ್ಟಿ ದೂಡಿದ. ಗಂಟು ತೆವಳುತ್ತ ಹೊರಟಿತು. ನೂರಕ್ಕೆ ಒಂದು. ಬಹಳ ಹೊತ್ತಾದ ಮೇಲೆ ನೂರಕ್ಕೆ ಎರಡು.

ಪಕ್ಕದ ಪಂಕ್ಚರ್ ಅಂಗಡಿಯ ಹಾಜಿಸಾಬ ಕೈಯಲ್ಲಿ ಟ್ಯೂಬು ಹಿಡಿದೇ ಬಂದ. "ಕ್ಯಾ ಹುವಾ? ಮಾಸ್ತರ್‌ಗಿ ಶಾಕ್ ಹೊಡೀತೇನು?"

"ಶ್" ಎಂದ ದೇವಾನಂದ. "ಹಾಡು ಬರ್ಲಿಕತ್ತಾವ. ಮುಟ್ಟಬ್ಯಾಡ್ರಿ, ಸರ್ ಮಡಿ ಅದಾರ."

ಎದುರಿನ ಬಳೆ ಅಂಗಡಿಯ ಬಿಬಿಜಾನ್ ಬಂದಳು. "ಹಾಡು ಬಂದ್ರ ಕೇಳಸಬೇಕಲ್ಲ ಅಣ್ಣಾ?"

"ಈಗ ಮುಚ್ಚಿಕೊಂಡು ಹೊಂಟಾವಕ್ಕ. ಅಲ್ಲಿ ಹೋಗಿ ಬಿಚ್ಚಿಕೊಳ್ತಾವ."

ಸಂಗಣ್ಣನಿಗೆ ಬೇರೆಯೇ ಚಿಂತೆ. "ಏ ತಮ್ಮಾ, ನಂಗ ಅಂಗಿ ಮ್ಯಾಲೇ ಹಾಕಿದೆಲ್ಲೋ. ನನ್ನವು ನಿಂದ್ರತಾವೋ ಇಲ್ಲೋ?"

"ಕುಣಿಯೋ ಹಾಡಿಗಿ ಅಂಗಿ ನಡೀತದ ಕಾಕಾ."

ಗುಂಪು ಬೆಳೆಯಿತು. ಕುಂಚಾವರಂ ಬಸ್ಸಿನ ಕಂಡಕ್ಟರು ಎರಡು ಸಲ ಸೀಟಿ ಊದಿ, ಯಾರೂ ಹತ್ತದಿರಲು ತಾನೇ ಇಳಿದು ಬಂದ. ಆ ಬಸ್ಸಿನ ಮುದುಕಿಯೊಬ್ಬಳು ಇದು ಏನೋ ಹರಕೆಯೆಂದು ತೆಲುಗಿನಲ್ಲಿ ಗೊಣಗಿ, ಮಾಸ್ತರರ ಕಾಲ ಬಳಿ ಒಂದು ಬಾಳೆಹಣ್ಣಿಟ್ಟು ಕೈಮುಗಿದಳು. ಹಾಜಿಸಾಬ ಪರದೆಯ ಮುಂದೆ ನಿಂತು ಅಂಕಿ ಓದತೊಡಗಿದ. "ನಲ್ವತ್ತು. ನಲ್ವತ್ತೊಂದು. ಮಾಸ್ತರ್, ಎಡಗೈ ಜರಾ ಮ್ಯಾಲ, ಡೊಂಕು ಆಗ್ಯದ." ಮಾಸ್ತರರ ತೋಳುಗಳು ನಡುಗುತ್ತಿದ್ದವು. ಆದರೆ ಅವರ ಕಣ್ಣ ಮುಂದೆ ಅಕ್ಕನಿದ್ದಳು, ಮುಹೂರ್ತವಿತ್ತು, ಕೈ ಇಳಿಸಲಿಲ್ಲ.

ಎಪ್ಪತ್ತೊಂದಕ್ಕೆ ಕರೆಂಟು ಹೋಯಿತು.

ಕಂಪ್ಯೂಟರಿನ ಕೆಳಗಿನ ಬ್ಯಾಟರಿ ಪೆಟ್ಟಿಗೆ ನಾಲ್ಕು ಸಲ ಕುಂಯ್‌ಗುಟ್ಟಿ ಪ್ರಾಣ ಬಿಟ್ಟಿತು. ದೇವಾನಂದ ಮೊಬೈಲು ಬಿಚ್ಚಿ ನೋಡಿದ. ಒಳಗಿನ ಕಾರ್ಡು ಅರ್ಧ ನುಂಗಿದ ಗಂಟಿನ ಸಮೇತ ಕೆಟ್ಟುಕೂತಿತ್ತು. ಒಳಗಿದ್ದುದನ್ನೆಲ್ಲ ಒರೆಸಿಹಾಕಿದರೆ ಮಾತ್ರ ಬದುಕುತ್ತೇನೆಂದು ಅದರ ಹಟ. ಒರೆಸಿದ. ಈಗ ಅದರಲ್ಲಿ ಹೆಸರೂ ಉಳಿಯಲಿಲ್ಲ. ಕರೆಂಟು ಮತ್ತೆ ಬರುವುದು ಆರಕ್ಕೆ, ಪ್ಯಾಸೆಂಜರು ಐದೂ ಇಪ್ಪತ್ತಕ್ಕೆ, ಈಗ ನಾಲ್ಕು.

ಮಾಸ್ತರರು ಬೈಯುತ್ತಾರೆಂದು ದೇವಾನಂದ ತಲೆ ತಗ್ಗಿಸಿ ನಿಂತ. ಅವರು ಬೈಯಲಿಲ್ಲ. ಎತ್ತಿದ ಕೈ ಎತ್ತಿಯೇ ಇತ್ತು. "ಅಕ್ಕಗ ಏನಂತ ಹೇಳ್ಲೋ ದೇವಾನಂದ? ವಾಜಂತ್ರಿ ಬ್ಯಾಡಂತ ನಾನೇ ಹೇಳೀನಿ" ಎಂದರು. ಆಮೇಲೆ ಏನೋ ಹೊಳೆದಂತಾಗಿ ಮಣೆಯಿಂದ ಇಳಿದು, ಒದ್ದೆ ಪಂಚೆಯಲ್ಲೇ ಲೈನ್‌ಮನ್ ಜಟ್ಟೆಪ್ಪನನ್ನು ಹುಡುಕಿಕೊಂಡು ಓಡಿದರು.

ಜಟ್ಟೆಪ್ಪ ಬೇವಿನ ಮರದ ಕೆಳಗೆ ಚಹಾ ಆರಿಸುತ್ತಿದ್ದ.

"ಜಟ್ಟೆಪ್ಪ, ಹತ್ತೇ ಹತ್ತು ನಿಮಿಷ ಕರೆಂಟು ಬಿಡಪಾ. ಹಾಡು ಅರ್ಧಕ್ಕ ನಿಂತಾವ."

"ದವಾಖಾನಿ ಅಂದ್ರ ಬಿಡಬಹುದು, ನೀರಿನ ಟಾಕಿ ಅಂದ್ರ ಬಿಡಬಹುದು, ಮಂತ್ರಿ ಬರ್ಲಿಕತ್ತಾರಂದ್ರ ಕೇಳದೇ ಬಿಡಬಹುದು. ಹಾಡಿಗಿ ನಮ್ಮ ಬುಕ್ಕಿನಾಗ ಕಾಲಮ್ಮೇ ಇಲ್ರಿ ಸರ್. ಎಲ್ಲಿ ನಿಂತಾವ?"

"ವೈರಿನಾಗ."

ಜಟ್ಟೆಪ್ಪ ಚಹಾ ಕೆಳಗಿಟ್ಟ. "ವೈರಿನಾಗ ಏನರ ಸಿಗಬಿದ್ರ ಅದು ನಮ್ಮ ಕೆಲಸ. ಕಂಪ್ಲೇಂಟು ಬರೀರಿ. ಯಾವ ಕಂಬ, ಎಷ್ಟು ಹಾಡು, ಎಷ್ಟೊತ್ತಿನಿಂದ."

ಮಾಸ್ತರರು ಬರೆದರು. ಮುತ್ತಿನಂಥ ಅಕ್ಷರದಲ್ಲಿ, ಸಾಲಿನ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದು, 'ನೂರಕ್ಕೆ ಎಪ್ಪತ್ತೊಂದು ಭಾಗ ಮುಂದೆ ಹೋಗಿದ್ದು, ಉಳಿದದ್ದು ಮಾರ್ಗಮಧ್ಯದಲ್ಲಿ ಸಿಲುಕಿರುತ್ತದೆ' ಎಂದು ಬರೆದರು. ಜಟ್ಟೆಪ್ಪ ಎರಡು ಸಲ ಓದಿ, ಒಂದು ಕಡೆ ದಿನಾಂಕ ತಿದ್ದಿಸಿ, ಠಸ್ಸೆ ಒತ್ತಿ, ಮಡಚಿ ಕಿಸೆಯಲ್ಲಿಟ್ಟುಕೊಂಡ. "ನಾಳಿ ಸಾಹೇಬರು ಬಂದ್ಮ್ಯಾಲ ತೋರಸ್ತೀನ್ರಿ."

ಅತ್ತ ಮಾಸ್ತರರು ಗೆರೆ ಎಳೆಯುತ್ತಿರುವಾಗ ಇತ್ತ ಬಿಬಿಜಾನ್ ದೇವಾನಂದನ ಎದುರಿಗೆ ನಿಂತಿದ್ದಳು. "ಮಾಸ್ತರ್ ಮಾರಿ ನೋಡಿದ್ಯೇನೋ? ಕುಣಿಸಿದ್ದು ನೀನು. ಈಗ ಊದೋನೂ ನೀನೇ."

"ನಾ ಹೆಂಗ ಊದ್ಲಿಕ್ಕ?" ಎಂದ ದೇವಾನಂದ, ಅಂದ ಕೂಡಲೇ ಅವನ ಕಣ್ಣು ಮೊಬೈಲಿನ ಮೇಲೆ ಬಿತ್ತು. ಅದರಲ್ಲಿ ದನಿ ಹಿಡಿಯುವ ಗುಂಡಿ ಇತ್ತು, ಬ್ಯಾಟರಿ ತುಂಬಿತ್ತು, ಕರೆಂಟಿನ ಹಂಗು ಇರಲಿಲ್ಲ. ಅವನು ಅರ್ಧ ಷಟರು ಎಳೆದ. ಎರಡೂ ಕೈಯಿಂದ ಮೂಗು ಬಾಯಿ ಮುಚ್ಚಿ ಸನಾದಿಯ ದನಿ ತೆಗೆದ. ಹಾಜಿಸಾಬ ಗಾಳಿ ಪಂಪಿನಿಂದ ಶ್ರುತಿ ಹಿಡಿದ. ಸಂಗಣ್ಣ ಊರ ಭಜನೆಯಲ್ಲಿ ಪಳಗಿದವನು, ಎಣ್ಣೆಯ ಖಾಲಿ ಡಬ್ಬಿಯನ್ನು ತೊಡೆಯ ನಡುವೆ ಇಟ್ಟು ಸಂಬಾಳವಾದ್ಯ ಮಾಡಿಕೊಂಡು ಬಾರಿಸಿದ. ಬಿಬಿಜಾನ್ ಎರಡು ಡಜನ್ ಹಸಿರು ಬಳೆ ಕುಲುಕಿದಳು.

ಮಾಸ್ತರರು ತಿರುಗಿ ಬಂದಾಗ ಷಟರಿನ ಒಳಗೆ ಏನೋ ಗದ್ದಲ ಕೇಳಿ ಚಕ್ಕನೆ ನಿಂತಿತು. ನಾಲ್ವರೂ ಬೆವರೊರೆಸಿಕೊಳ್ಳುತ್ತ ಹೊರಬಂದರು.

"ಬಂತ್ರಿ ಸರ್" ಎಂದು ದೇವಾನಂದ ಮೊಬೈಲು ಚಾಚಿದ.

"ಕರೆಂಟಿಲ್ಲದೇ?"

"ಬ್ಯಾಟರಿ ಮ್ಯಾಲ ಹಾಕಿದ್ವಿ ಸರ್."

"ಎಷ್ಟು ಅವ?"

"ಒಂದೇ ಸರ್. ಹನ್ನೊಂದು ನಿಮಿಷದ್ದು." ಅಷ್ಟು ಹೇಳಿ ಅವನು ಮೊಬೈಲನ್ನು ಅರ್ಧ ಹಿಂದಕ್ಕೆ ಎಳೆದುಕೊಂಡ. ಈ ಮನುಷ್ಯನನ್ನು ಹೀಗೇ ಕಳಿಸುವುದು ಸರಿಯಲ್ಲ ಎನ್ನಿಸಿತು. "ಸರ್, ಗಾಡಿ ಹತ್ತೋದ್ರೊಳಗ ಒಂದು ಸಲ ಹಚ್ಚಿ ಕೇಳ್ರಿ. ಕೇಳಿ ನೀವು 'ಬ್ಯಾಡ' ಅಂದ್ರ..."

ಮಾಸ್ತರರು ಮೊಬೈಲನ್ನು ಪಂಚೆಯ ಸೆರಗಿನಲ್ಲಿ ಸುತ್ತಿಕೊಂಡರು. "ಮಡಿಲೆ ಬಂದಿದ್ದು ಎಂಜಲು ಮಾಡ್ಲಿಕ್ಕ ಹಚ್ಚತೀಯೇನೋ? ನೈವೇದ್ಯ ಆದ ಮ್ಯಾಲೇ ರುಚಿ" ಎಂದು ಹೇಳಿ, ಸ್ಟೇಷನ್ನಿನ ದಾರಿ ಹಿಡಿದರು. ನಾಲ್ವರೂ ಅವರು ಮರೆಯಾಗುವ ತನಕ ನಿಂತು ನೋಡಿದರು. ಹಾಜಿಸಾಬ ಆಕಾಶ ನೋಡಿ ಕೈ ಎತ್ತಿದ.

ಮರುದಿನ ಚಿತ್ತಾಪುರದಲ್ಲಿ ಅಕ್ಕನ ಮನೆಯ ಅಂಗಳದ ಚಪ್ಪರ ತುಂಬಿತ್ತು. ಬೆಳ್ಳಿ ತಟ್ಟೆಯಲ್ಲಿ ಮೊಬೈಲು, ಅದಕ್ಕೆ ಕುಂಕುಮ, ಅದರ ಬಾಯಿಗೆ ಮೈಕು. ಮೈಕಿನ ದನಿ ಹೊರಡಲು ತೆಂಗಿನ ಗರಿಯ ನಡುವೆ ಎರಡು ಕರ್ಣ, ಕಹಳೆಯಂಥ ಲೌಡ್‌ಸ್ಪೀಕರು. ವಾಡಿಯಲ್ಲಿ ಮೂವತ್ತು ವರ್ಷ ರೈಲ್ವೆಯಲ್ಲಿದ್ದು ನಿವೃತ್ತರಾದ ಬೀಗರು ಆನಂದತೀರ್ಥಾಚಾರ್ಯರು ಮುಂದಿನ ಕುರ್ಚಿಯಲ್ಲಿದ್ದರು. ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಕಾಯುವ ಗವಾಯಿಗಳನ್ನೆಲ್ಲ ಮಾತಾಡಿಸಿ ಮಾತಾಡಿಸಿ ಅವರು ಸಂಗೀತ ಶಾಸ್ತ್ರಜ್ಞರಾಗಿದ್ದರು.

ಒಂಬತ್ತು ಮೂವತ್ತೊಂದಕ್ಕೇ ಶಾರದಾಬಾಯಿ ಅವಸರ ಮಾಡಿದರು. "ಇಷ್ಟು ಮಂದಿ ಕೂತದ, ಮನಿ ಬಿಕೋ ಅನ್ಲಿಕತ್ತದ. ಹಚ್ಚು ಪವಮಾನ."

ಮಾಸ್ತರರು ಕಣ್ಣುಮುಚ್ಚಿ ಗುಂಡಿ ಒತ್ತಿದರು. ಕರ್ಣಗಳಿಂದ 'ಸುಂಯ್ ಪುಸ್, ಸುಂಯ್ ಪುಸ್' ಎಂದು ದನಿ ಬಂತು.

"ಶ್ರುತಿ" ಎಂದರು ಆನಂದತೀರ್ಥಾಚಾರ್ಯರು. "ಭಾಳ ಗಂಭೀರ ಅದ. ಇದು ತಿದಿ ಒತ್ತೋ ಶ್ರುತಿ. ಈಗಿನ ಮಂದಿ ಹಿಡ್ಯಂಗಿಲ್ಲ."

ಆಮೇಲೆ ಸನಾದಿ ಎದ್ದಿತು. ಪೇ ಪೆರೆರೆ ಪೇಂ. ಹಿಂದೆಯೇ ಸಂಬಾಳ, ಅದರ ಮೇಲೆ ಝಣಝಣ. ಚಪ್ಪರ ತಲೆದೂಗಿತು. ಮಾಸ್ತರರ ಎದೆ ಹಗುರಾಯಿತು, ಮಡಿಯ ಮಹಿಮೆ ಎಂದುಕೊಂಡರು. ಧನಶ್ರೀ ಮಾತ್ರ ಗಂಡನನ್ನು ಓರೆಗಣ್ಣಿನಿಂದ ನೋಡಿದಳು.

"ಯಾವ ಮೇಳರಿ ಇದು?" ಯಾರೋ ಕೇಳಿದರು.

"ಹೈದರಾಬಾದಿಂದು" ಎಂದು ತೀರ್ಪು ಕೊಟ್ಟರು ಆನಂದತೀರ್ಥಾಚಾರ್ಯರು. "ಆ ಉಸಿರು ಕೇಳ್ರಿ. ಅಂಥ ಉಸಿರು ಈ ಕಡಿ ಯಾರಿಗೂ ಇಲ್ಲ."

ಉಸಿರು ಎಂದ ಮೇಲೆ ಮಾಸ್ತರರು ಉಸಿರನ್ನು ಕೇಳಿದರು. ಸನಾದಿ ಊದುವವನು ನಡುವೆ ಮೂಗೊರೆಸಿದ್ದು ಕೇಳಿಸಿತು. ಸಂಬಾಳ ಬಾರಿಸುವವನು ತಾಳ ತಪ್ಪಿದಾಗ 'ಯಪ್ಪಾ' ಎಂದದ್ದು ಕೇಳಿಸಿತು. ಆ 'ಯಪ್ಪಾ' ಕೋಡ್ಲಾದ್ದು. ಶ್ರುತಿ ಎಲ್ಲಿಯದೆಂಬುದು ಸೈಕಲ್ಲಿಗೆ ಗಾಳಿ ತುಂಬಿಸಿಕೊಂಡವರಿಗೆಲ್ಲ ತಿಳಿಯುವಂಥದು. ಶಾರದಾಬಾಯಿ ಆಗಲೇ ಹೆಂಗಸರ ಕಡೆ ತಿರುಗಿ, "ನಮ್ಮ ಪವಮಾನ ಹೈದರಾಬಾದಿಂದ ತರಿಸ್ಯಾನ್ರಿ" ಎಂದು ಹೇಳುತ್ತಿದ್ದರು.

ಪುರೋಹಿತರು ಗಡಿಯಾರ ನೋಡಿದರು. ತಂದೆ, ಮಗ, ಇಬ್ಬರ ಮೇಲೂ ರೇಷ್ಮೆ ಶಾಲು ಮುಚ್ಚಿದರು. ಉಪದೇಶಕ್ಕೆ ಒಂದು ನಿಮಿಷವಿತ್ತು. ಆಗ ಸನಾದಿ ನಿಂತು, ಕರ್ಣದೊಳಗಿಂದ ಮಾಸ್ತರರ ದನಿಯೇ ಗುಡುಗಿತು.

"ಏ ಹಿಂದಿನ ಬೆಂಚು. ಯಾರದು ಬಳಿ ಹಿಂದ ಬಿದ್ದಿದ್ದು? ನಿಂದ್ರು ಮ್ಯಾಲ."

ಚಪ್ಪರವೆಲ್ಲ ಮಾಸ್ತರರತ್ತ ತಿರುಗಿತು. ಅವರ ಬಾಯಿ ಮುಚ್ಚಿತ್ತು. ದೇವಾನಂದ ಒಂಬತ್ತನೆಯ ಇಯತ್ತೆಯಲ್ಲಿ ಕಲಿತ ಅವರದೇ ಕೆಮ್ಮು ಕರ್ಣದಿಂದ ಬಂತು, ಅವರು ಕೆಮ್ಮಿರಲಿಲ್ಲ.

"ಅರೆ ಭಾಯ್, ಪಂಪು ಬಿಸಿ ಆಗ್ಯದ, ಇನ್ನಾ ಎಷ್ಟು ಒತ್ತಲಿ?" ಎಂದಿತು ಶ್ರುತಿ.

"ಮಾಸ್ತರ್ ಬರ್ಲಿಕತ್ತಾರ, ಬಂದ್ ಮಾಡ್ರಿ, ಬಂದ್ ಮಾಡ್ರಿ" ಎಂದಿತು ಝಣಝಣ. ಡಬ್ಬಿ ಉರುಳಿದ ಸದ್ದು, ಷಟರಿನ ಧಡಲ್. ಆಮೇಲೆ ಏನೂ ಇಲ್ಲ.

ಒಂಬತ್ತು ನಲವತ್ತೆರಡು. "ಮುಹೂರ್ತ. ವಾದ್ಯ, ವಾದ್ಯ" ಎಂದು ಪುರೋಹಿತರು ಕೂಗಿದರು.

ಸೂಜಿ ಬಿದ್ದರೆ ಕೇಳುವ ಮೌನ. ಶಾರದಾಬಾಯಿಯ ಮುಖ ಬಿಳಿಚಿತು. ಇನ್ನೂ ಕೆಟ್ಟದ್ದೆಂದರೆ ಹೋಮದ ಹೊಗೆ ತಾಗಿ ಆನಂದತೀರ್ಥಾಚಾರ್ಯರ ಮೂಗು ಅರಳುತ್ತಿತ್ತು, ಕಣ್ಣು ಮುಚ್ಚುತ್ತಿತ್ತು, ತಲೆ ಹಿಂದಕ್ಕೆ ಹೋಗುತ್ತಿತ್ತು.

ಮಾಸ್ತರರು ಏನಾದರೂ ಮಾಡಬೇಕೆಂದು ಮೈಕು ಹಿಡಿದರು. ಮಂತ್ರ ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಕಣ್ಣ ಮುಂದೆ ನಿನ್ನೆಯ ಮಣೆ ಬಂತು, ಒದ್ದೆ ಪಂಚೆ ಬಂತು, ಎತ್ತಿ ಹಿಡಿದ ವೈರು ಬಂತು, ಕಾಲ ಬಳಿಯ ಬಾಳೆಹಣ್ಣು ಬಂತು. ಎಂಜಲಾದೀತೆಂದು ಒಂದು ಸಲ ಕೂಡ ಕೇಳದೆ ಸೆರಗಿನಲ್ಲಿ ಸುತ್ತಿ ತಂದಿದ್ದು ನಾಲ್ಕು ಬಾಯಿಯ ಉಸಿರು. ಹೊಟ್ಟೆಯ ಆಳದಲ್ಲಿ ಎಲ್ಲೋ ಒಂದು ಗುಡುಗು ಎದ್ದು, ಎದೆಗೆ ಬಂದು, ಗಂಟಲಿಗೆ ಬಂದು, ಮೈಕಿಗೆ ಬಿತ್ತು.

ಆ ನಗು ಎರಡೂ ಕರ್ಣಗಳಿಂದ ಹೊರಟು ಚಿತ್ತಾಪುರದ ಸ್ಟೇಷನ್ನಿನ ತನಕ ಕೇಳಿಸಿತಂತೆ. ಚಪ್ಪರದ ಗರಿ ಅಲುಗಿತು. ಮೊದಲು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು, ಆಮೇಲೆ ಬಿಟ್ಟುಬಿಟ್ಟರು. ಧನಶ್ರೀ ಕಂಬ ಹಿಡಿದುಕೊಂಡಳು. ಶಾಲಿನ ಒಳಗೆ ತಂದೆ ಮಗನ ಕಿವಿಯಲ್ಲಿ ಮಂತ್ರ ಹೇಳಿ ಮುಗಿಸಿದರು. ಶಾಲು ಗಡಗಡ ನಡುಗುತ್ತಿತ್ತು. ಆನಂದತೀರ್ಥಾಚಾರ್ಯರು ಮೂರು ಸಲ ಸೀನಿದ್ದನ್ನು ಪಕ್ಕದವರು ಕಂಡರು, ಕೇಳಲಿಲ್ಲ. ಪುರೋಹಿತರು ಮುಹೂರ್ತ ನಿರ್ವಿಘ್ನವೆಂದು ಅಕ್ಷತೆ ಎರಚಿದರು.

ಶಾರದಾಬಾಯಿ ಕಣ್ಣೊರೆಸಿಕೊಳ್ಳುತ್ತ ತಮ್ಮನ ಮುಂದೆ ಬಂದು ನಿಂತರು. ನಗುವಿನ ನೀರೋ, ಬೇರೆಯದೋ, ಹೇಳುವುದು ಕಷ್ಟ.

"ಏ ಪವ್ಯಾ, ಖರೇ ಹೇಳು. ಯಾವ ಮೇಳೋ ಇದು?"

"ನಮ್ಮ ಸೇಡಮ್ ಬಸ್ ಸ್ಟ್ಯಾಂಡಿಂದು ಅಕ್ಕಾ."

"ಮಡಿಲೆ ತಂದೀನಿ ಅಂದಿದ್ಯಲ್ಲ?"

ಉತ್ತರ ಹೇಳಬೇಕೆಂದು ಮಾಸ್ತರರು ಬಾಯಿ ತೆರೆದರು. ಮೈಕು ಇನ್ನೂ ಕೈಯಲ್ಲೇ ಇತ್ತು. ಮಾತು ಬರಲಿಲ್ಲ; ನಗುವೇ ಬಂತು, ಮೊದಲಿಗಿಂತ ಜೋರಾಗಿ.